ತಲೆಗೆ ಎಷ್ಟು ಅಂಕ?

ಹತ್ತನೇ ತರಗತಿಗೆ ‘ಹಯವದನ’ ನಾಟಕವನ್ನು ಪಠ್ಯವಾಗಿ ಇಡಬೇಕೆಂದು ಮೇಷ್ಟರಾಗಿರುವ ನನ್ನ ಗೆಳೆಯರೊಬ್ಬರ ಹಟ. ಕುದುರೆ ತಲೆಯ ಮನುಷ್ಯ, ಕಾಳಿಯ ಗುಡಿಯಲ್ಲಿ ತಲೆಗಳ ಅದಲುಬದಲು, ಮಾತಾಡುವ ಗೊಂಬೆಗಳು. ಮಕ್ಕಳಿಗೆ ಖುಷಿಯಾಗುತ್ತದಂತೆ. ಖುಷಿಯಾಗಿಬಿಟ್ಟರೆ ಗತಿಯೇನು ಎಂಬ ಚಿಂತೆ ಅವರಿಗಿಲ್ಲ. ಅದಕ್ಕೇ, ನಡೆದುಬಂದ ಪದ್ಧತಿಯನ್ನು ಮಾತ್ರ ಬಿಡಬೇಡಿ ಎಂದಿದ್ದೇನೆ.

ಮೊದಲು ಕೃತಿಕಾರರ ಪರಿಚಯ. ಗಿರೀಶ ಕಾರ್ನಾಡ, ಜನನ 1938, ಮಾಥೇರಾನ್; ನಾಟಕ 1971; ಜ್ಞಾನಪೀಠ 1998. ಇಷ್ಟನ್ನು ಬರೆಸಿದರೆ ಒಂದು ಪೀರಿಯಡ್ ಮುಗಿಯಿತು. ಆಮೇಲೆ ಓದು. ಭಾಗವತ, ಕಪಿಲ, ಪದ್ಮಿನಿ, ಕಾಳಿ ಎಲ್ಲರ ಮಾತನ್ನೂ ಮೇಷ್ಟರೇ ಓದಬೇಕು, ಹಾಜರಿ ಕೂಗುವ ದನಿಯಲ್ಲಿ. ಕಂಸದೊಳಗೆ ‘ಕಿರುಚುತ್ತಾಳೆ’ ಎಂದಿದ್ದರೆ ಅದನ್ನೂ ಅದೇ ದನಿಯಲ್ಲಿ. ಅರ್ಧ ತೆರೆ, ಮುಖವಾಡ ಎಂದೆಲ್ಲ ಆಸೆಪಡುವುದು ಬೇಡ. ವಾರ್ಷಿಕೋತ್ಸವದ ದುಡ್ಡು ಶಾಮಿಯಾನಕ್ಕೆ, ಅತಿಥಿಗಳ ಶಾಲು ಹಾರಕ್ಕೇ ಸಾಲುವುದಿಲ್ಲ.

ಗಂಡ ದೇವದತ್ತನ ಗೆಳೆಯ ಕಪಿಲನ ಕಟ್ಟುಮಸ್ತಾದ ಮೈಯನ್ನು ಪದ್ಮಿನಿ ನೋಡುವ ಪುಟ ಬಂದಾಗ ‘ಇದು ಪರೀಕ್ಷೆಗೆ ಬರಲ್ಲ’ ಎಂದು ದಾಟಿಸಬೇಕು. ವರ್ಷವಿಡೀ ಪುಸ್ತಕ ತೆರೆಯದವರೂ ಅಂದು ರಾತ್ರಿ ಆ ಪುಟ ಓದುತ್ತಾರೆ. ಓದುವ ಅಭಿರುಚಿ ಬೆಳೆಸಲು ಇಲಾಖೆಗೆ ಇದಕ್ಕಿಂತ ಅಗ್ಗದ ಯೋಜನೆ ಇನ್ನೂ ಹೊಳೆದಿಲ್ಲ.

ಕಷ್ಟ ಶುರುವಾಗುವುದು ಈ ಗೆಳೆಯರಿಬ್ಬರ ತಲೆ ಅದಲುಬದಲಾದ ಮೇಲೆ. ಪದ್ಮಿನಿಯ ಗಂಡ ಯಾರು? ಋಷಿ ತೀರ್ಪು ಕೊಟ್ಟಿದ್ದಾನೆ: ಅಂಗಗಳಲ್ಲಿ ತಲೆಯೇ ಶ್ರೇಷ್ಠ, ದೇವದತ್ತನ ತಲೆ ಇರುವವನೇ ದೇವದತ್ತ. ಕೀ ಆನ್ಸರ್ ಸಿಕ್ಕಿತಲ್ಲ, ಅಲ್ಲಿಗೆ ನಿಲ್ಲಿಸಿ. ಆಮೇಲೂ ಯಾರಿಗೂ ನೆಮ್ಮದಿ ಸಿಗಲಿಲ್ಲ, ಮೂವರೂ ಸತ್ತರು ಎಂಬುದೆಲ್ಲ ಅಂಕವಿಲ್ಲದ ವಿಷಯ. ಶಾಲೆ ಹೇಗೂ ಋಷಿಯ ಪಕ್ಷ. ಮೈಗೆಂದು ಇಟ್ಟ ಪಿ.ಟಿ. ಪೀರಿಯಡ್ಡನ್ನು ಡಿಸೆಂಬರ್ ಹೊತ್ತಿಗೆ ಗಣಿತದವರು ತಲೆಗೆಂದು ಕಿತ್ತುಕೊಂಡಿರುತ್ತಾರೆ.

ಆಗ ಕೊನೆ ಬೆಂಚಿನಿಂದ ಒಬ್ಬ ಏಳುತ್ತಾನೆ, ಏಳದೆ ಇರುವುದಿಲ್ಲ: ‘ಸಾರ್, ಆಧಾರ್‌ನಲ್ಲಿ ಫೋಟೋ ದೇವದತ್ತಂದು, ಹೆಬ್ಬೆಟ್ಟು ಕಪಿಲಂದು. ರೇಷನ್ ಯಾರಿಗೆ ಕೊಡ್ತಾರೆ?’

ಇಡೀ ಕ್ಲಾಸಿನಲ್ಲಿ ನಾಟಕ ಅರ್ಥವಾಗಿರುವುದು ಇವನೊಬ್ಬನಿಗೇ. ಆದ್ದರಿಂದ ಕೂಡಲೇ ಕೂರಿಸಬೇಕು. ವೇತಾಳ ಇಂಥದೇ ಒಗಟು ಒಡ್ಡಿದಾಗ ವಿಕ್ರಮನಿಗೆ ಹೆಣ ಹೊತ್ತುಕೊಂಡು ಯೋಚಿಸುವಷ್ಟು ಬಿಡುವಿತ್ತು. ನಮಗೆ ಪೂರ್ವಸಿದ್ಧತಾ ಪರೀಕ್ಷೆಯಿದೆ.

ಉಳಿದವನು ಹಯವದನ. ಪೂರ್ಣ ಮನುಷ್ಯನಾಗಲು ಹೋಗಿ ಪೂರ್ಣ ಕುದುರೆಯಾದ. ಮನುಷ್ಯನ ದನಿ ಮಾತ್ರ ಬಿಟ್ಟುಹೋಗಲಿಲ್ಲ. ನಗುವುದನ್ನೇ ಅರಿಯದ ಮಗುವೊಂದು ಅವನನ್ನು ಕಂಡು ನಕ್ಕಿತು, ಜೊತೆಗೆ ನಗುತ್ತ ನಗುತ್ತ ಅವನ ದನಿಯೂ ಕೆನೆತವಾಯಿತು. ಪ್ರಶ್ನೆ: ‘ಹಯವದನನು ಹೇಗೆ ಪೂರ್ಣನಾದನು?’ ನಾಲ್ಕು ಅಂಕ. ನಾಲ್ಕು ಪಾಯಿಂಟ್ ಮಾಡಿ ಬರೆಸಿ, ಅಡಿಗೆರೆ ಹಾಕಿಸಿ. ಬರೆಸುವಾಗ ಯಾರಾದರೂ ಕಿಸಕ್ಕೆಂದರೆ ಕ್ಲಾಸಿನಿಂದ ಹೊರಗೆ ನಿಲ್ಲಿಸಿ.