ಪಿನ್‌ಕೋಡಿನಲ್ಲಿ ಪವಾಡ ತೋರಿಸುವ ವಿಧಾನ

ದೊಡ್ಡ ಸಂಖ್ಯೆಯಿಂದ ಪವಾಡ ಹೊರಡಿಸಲು ಗಣಿತದ ಪದವಿ ಬೇಕಿಲ್ಲ. ಒಂದು ಪೆನ್ನು, ಒಂದು ಚಹಾದಂಗಡಿ, ಬಸ್ಸಿಗೆ ಕಾದು ಬೇಸತ್ತ ನಾಲ್ಕು ಜನ ಸಾಕು.

ಮೊದಲು ಸಂಖ್ಯೆ ಆರಿಸಿ. ಪಿನ್‌ಕೋಡ್ ಉತ್ತಮ: ಎಲ್ಲರಿಗೂ ಬಾಯಿಪಾಠ, ಭಾಗಿಸಿ ನೋಡಿದವರು ಯಾರೂ ಇಲ್ಲ. ಬೈಲಹೊಂಗಲದಲ್ಲಿ 591102 ಬರೆಯಿರಿ. ಅಂಕಿಗಳನ್ನು ಕೂಡಿಸಿ: 18. ಮತ್ತೆ ಕೂಡಿಸಿ: 9. ತುಸು ಸುಮ್ಮನಿರಿ. ಆಮೇಲೆ "ನೋಡ್ರೀ ಕಾಕಾ, ಒಂಬತ್ತ ಬಂತು! ನವಗ್ರಹ!" ಅನ್ನಿ. ಪ್ರತಿ ಒಂಬತ್ತನೆಯ ಸಂಖ್ಯೆಗೂ ಹೀಗೇ 9 ಬರುತ್ತದೆ. ಚಹಾದ ದುಡ್ಡು ಅವರು ಕೊಡುವ ತನಕ ಅದನ್ನು ಹೇಳಬೇಡಿ.

ಕಿತ್ತೂರಿನಲ್ಲಿ ವಿಧಾನ ಬದಲಿಸಿ. 591115 ಕೂಡಿಸಿದರೆ 22, ಕೊನೆಗೆ 4. ಅದಕ್ಕೆ ಯಾರ ಮೈಯೂ ಜುಮ್ಮೆನ್ನದು. ಕೂಡಿಸುವುದು ಬಿಟ್ಟು 7ರಿಂದ ಭಾಗಿಸಿ: 84445, ಶೇಷ ಸೊನ್ನೆ. ಸಪ್ತರ್ಷಿಗಳನ್ನು ಕರೆಯಿರಿ. ಸಾಲದಿದ್ದರೆ ರಾಣಿ ಚನ್ನಮ್ಮನ ಸೇನೆಯೆದುರು ಕಲೆಕ್ಟರ್ ಥ್ಯಾಕರೆ ಬಿದ್ದ 1824ನ್ನು ತನ್ನಿ. ಬೈಲಹೊಂಗಲದ ಗಾಡಿ ನಂಬರು ಕೆಎ-24. 1824ನ್ನು 24ರಿಂದ ಭಾಗಿಸಿ: ಸರಿಯಾಗಿ 76! ಏನೂ ನಡೆಯದ 1800 ಕೂಡ 24ರ ಮಗ್ಗಿಯಲ್ಲಿದೆ. ಆ ಮಾತು ಎತ್ತಬೇಡಿ.

ಸವದತ್ತಿಯ 591126 ಕೂಡಿಸಿ: 24. ಮತ್ತೆ ಕೆಎ-24! ಅಲ್ಲಿಗೇ ನಿಲ್ಲಿ. ಬೈಲಹೊಂಗಲದಲ್ಲಿ ಮಾಡಿದಂತೆ ಇನ್ನೊಮ್ಮೆ ಕೂಡಿಸಿದರೆ 6 ಆಗಿ ಪವಾಡ ಕೈತಪ್ಪುತ್ತದೆ. ಉತ್ತರ ಮೊದಲು ಗೊತ್ತುಮಾಡಿ, ನಿಯಮ ಆಮೇಲೆ ಹುಡುಕಿ.

ರಾಮದುರ್ಗದ ಕಟ್ಟೆಯ ಮೇಲೆ ನಿವೃತ್ತ ಮಾಸ್ತರರೊಬ್ಬರು ಇದ್ದೇ ಇರುತ್ತಾರೆ. ಅವರ ಕೈಗೇ ಪೆನ್ನು ಕೊಡಿ. 591123ನ್ನು ತಿರುವಿ ಬರೆಸಿ: 321195. ಕಳೆಯಲು ಹೇಳಿ: 269928. ಒಂಬತ್ತರಿಂದ ಭಾಗಿಸಿದರೆ 29992, ಶೇಷವಿಲ್ಲ. ಯಾವ ಸಂಖ್ಯೆಯನ್ನು ತಿರುವಿ ಕಳೆದರೂ ಹೀಗೇ ಆಗಬೇಕು, ಏಕೆಂದರೆ 10, 100, 1000 ಎಲ್ಲವೂ 9ರ ಮಗ್ಗಿಗಿಂತ ಒಂದೇ ಒಂದು ಹೆಚ್ಚು. ಮಾಸ್ತರರು ಇದನ್ನು ವಿವರಿಸಲು ಶುರುಮಾಡುವ ಮೊದಲೇ ಬಸ್ಸು ಹತ್ತಿ.

ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ವನ್ನು ಹತ್ತಿರ ಬಿಟ್ಟುಕೊಳ್ಳಬೇಡಿ. 9ನೇ ಶತಮಾನದಲ್ಲಿ, ಅಮೋಘವರ್ಷನ ಕಾಲದಲ್ಲಿ, ಅವರು ಆರಂಕಿಯ 152207ನ್ನು 73ರಿಂದ ಗುಣಿಸಿ 11111111 ಎಂಬ ಹಾರ ಕಟ್ಟಿದರು. ಕಟ್ಟಿದ್ದು ಸರಿ, ಗುಣಾಕಾರವನ್ನೂ ಬರೆದಿಟ್ಟು ಕಸುಬು ಕೆಡಿಸಿದರು. ಲೆಕ್ಕ ಕಲಿಸಿದರೆ ದಕ್ಷಿಣೆ ಹುಟ್ಟುವುದಿಲ್ಲ.

ಕಡೆಯ ಎಚ್ಚರಿಕೆ: ಅಂಚೆಯಣ್ಣ ಬರುವ ಹೊತ್ತಿಗೆ ಅಂಗಡಿ ಮುಚ್ಚಿ. ಪಿನ್‌ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದರ ಮೊದಲ ಅಂಕಿ ವಲಯವನ್ನು, ಮೊದಲ ಮೂರು ವಿಂಗಡಣೆಯ ಜಿಲ್ಲೆಯನ್ನು, ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿಯನ್ನು ಹೇಳುತ್ತವೆ. ಅದಕ್ಕಿಂತ ಹೆಚ್ಚಿನದೇನನ್ನೂ ಆ ಆರು ಅಂಕಿಗಳು ಹೇಳುವುದಿಲ್ಲ.