ಪೈಪು, ಪತ್ತನಾಜೆ ಮತ್ತು ಚಕ್ರತಾಳ

ನಮ್ಮ ಕಡೆ ಮೈಕಿಗೆ ಇರುವ ಅಳತೆ ಒಂದೇ: ಎಷ್ಟು ದೂರ ಕೇಳುತ್ತದೆ? ಬಂಟ್ವಾಳದಲ್ಲಿ ಯಕ್ಷಗಾನದ ಆಟವಾದರೆ ನೇತ್ರಾವತಿಯ ಆಚೆ ದಡಕ್ಕೂ ಪದ್ಯ ಮುಟ್ಟಬೇಕು. ಮೂಡುಬಿದಿರೆಯ ಕಡಲಕೆರೆಯಲ್ಲಿ ಕಂಬಳವಾದರೆ ಯಾರ ಕೋಣ ಗೆದ್ದಿತೆಂಬುದು ಮನೆಯಲ್ಲೇ ಕುಳಿತ ಅಜ್ಜಿಗೂ ಗೊತ್ತಾಗಬೇಕು. ಬೆಳ್ತಂಗಡಿ ಕಡೆಯ ನನ್ನ ಪರಿಚಯದ ಮೈಕದ ಅಣ್ಣ ಡೆಸಿಬೆಲ್ ಲೆಕ್ಕ ಹೇಳುವವರಲ್ಲ. "ಇದು ಎರಡು ಗುಡ್ಡೆ ಹೋಗ್ತದೆ, ಅದು ಒಂದೂವರೆ" ಎನ್ನುತ್ತಾರೆ. ಇಂಥ ಊರಿನಲ್ಲಿ, ಜಗಲಿಯ ಮೇಲೆ ಕುಳಿತವನ ಕಿವಿ ನೋಯದ ಹಾಗೆ ಚಕ್ರತಾಳ ಕೇಳಿಸುವ ಟ್ವೀಟರ್ ಮಾಡಹೊರಟವನಿಗೆ ಎಷ್ಟು ಮರ್ಯಾದೆ ಸಿಗಬೇಕೋ ಅಷ್ಟು ನನಗೂ ಸಿಕ್ಕಿದೆ.

ಚಕ್ರತಾಳವೇ ಯಾಕೆಂದರೆ, ತೆಂಕುತಿಟ್ಟಿನ ಹಿಮ್ಮೇಳದಲ್ಲಿ ಟ್ವೀಟರಿನ ಬಂಡವಾಳ ಬಯಲು ಮಾಡುವ ವಾದ್ಯ ಅದು. ಚೆಂಡೆ ಯಾವ ಡಬ್ಬದಲ್ಲಿ ಹಾಕಿದರೂ ಚೆಂಡೆಯೇ. ಅದಕ್ಕೆ ಸ್ಪೀಕರಿನ ಹಂಗಿಲ್ಲ. ಮದ್ದಳೆಯೂ ಹೇಗೋ ಹೊಂದಿಕೊಳ್ಳುತ್ತದೆ. ಚಕ್ರತಾಳ ಮಾತ್ರ ಕೆಟ್ಟ ಟ್ವೀಟರಿಗೆ ಸಿಕ್ಕಿದರೆ ಬರೀ ಕಿರುಚಾಟ, ಲೋಹದ ಗುರುತೇ ಇರುವುದಿಲ್ಲ.

ಸೀಳು ಪೈಪಿನ ಹುಚ್ಚು ಹಿಡಿದದ್ದು ಇಲ್ಲಿಂದ. 1950ರ ದಶಕದಲ್ಲಿ ಅಮೆರಿಕದ ಜಾನ್ ಕಾರ್ಲ್‌ಸನ್ ಎಂಬವರು ಸ್ಪೀಕರ್ ಪೆಟ್ಟಿಗೆಯ ಮುಂಭಾಗದಲ್ಲಿ, ಹೋಗುತ್ತ ಹೋಗುತ್ತ ಅಗಲವಾಗುವ ಒಂದು ಸೀಳು ಬಿಟ್ಟರು. ಅದೇ ಉಪಾಯ ಆಮೇಲೆ ಪೈಪಿಗೂ ಬಂತು. ಒಂದು ಪೈಪು, ಅದರ ಹಿಂಬದಿಗೆ ಸದ್ದು ಹೊರಡಿಸುವ ಯೂನಿಟ್, ಬದಿಯಲ್ಲಿ ತುದಿಯ ಕಡೆಗೆ ಬಾಯಿ ಬಿಡುತ್ತ ಹೋಗುವ ಸೀಳು. ಅಷ್ಟೇ ಸರಂಜಾಮು.

ಸೀಳದ ಪೈಪು ಯಾಕಾಗದು? ಹಿಂದೆ ಮುಚ್ಚಿ ಮುಂದೆ ತೆರೆದ 25 ಸೆಂಟಿಮೀಟರ್ ಪೈಪು ಸುಮಾರು 345 ಹರ್ಟ್ಸ್‌ನಲ್ಲೂ ಅದರ ಮೂರು, ಐದು, ಏಳು ಪಟ್ಟಿನಲ್ಲೂ ತನ್ನದೇ ಶ್ರುತಿ ಹಿಡಿದು ಕೂರುತ್ತದೆ. ಭಾಗವತರು ಮೋಹನ ಎತ್ತಲಿ, ಭೈರವಿ ಎತ್ತಲಿ, ಪೈಪಿನ ರಾಗ ಬದಲಾಗದು. ತುದಿಗೆ ಹೋದ ಸದ್ದು ಥಟ್ಟನೆ ಬಯಲು ಕಂಡು, ಗಾಬರಿಯಾಗಿ ಅರ್ಧ ಹಿಂದಕ್ಕೆ ಓಡುವುದೇ ಇದಕ್ಕೆ ಕಾರಣ. ಸೀಳು ಇದ್ದರೆ ಸದ್ದು ದಾರಿಯುದ್ದಕ್ಕೂ ಸೋರುತ್ತ ಹೋಗುತ್ತದೆ. ಅಡಿಕೆ ದಂಬೆಯಲ್ಲಿ ತೋಟಕ್ಕೆ ನೀರು ಹಾಯಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಉದ್ದಕ್ಕೂ ಸೋರಿದ ದಂಬೆಯ ಕೊನೆ ಮುಟ್ಟುವ ನೀರಿಗೆ ಹಿಂದೆ ಚಿಮ್ಮುವ ತ್ರಾಣ ಇರುವುದಿಲ್ಲ. ಟಿವಿಯವರ ಉದ್ದನೆಯ ಮೈಕಿನ ಮೈಮೇಲೆ ಇರುವ ಸೀಳುಗಳೂ ಇದೇ ವಂಶದವು, ಕೆಲಸ ಮಾತ್ರ ಉಲ್ಟಾ. ಅಲ್ಲಿ ಬದಿಯಿಂದ ಬಂದ ಸದ್ದು ಬೇರೆ ಬೇರೆ ಸೀಳುಗಳಲ್ಲಿ ಹೊಕ್ಕು ಒಳಗೇ ಪರಸ್ಪರ ಹೊಡೆದಾಡಿ ಸಾಯುತ್ತದೆ; ಎದುರಿನವನ ಮಾತು ಮಾತ್ರ ಉಳಿಯುತ್ತದೆ.

ಪೈಪು ತೋಟದ್ದು. ಒಂದಿಂಚಿನ ಪಿವಿಸಿ, ಒಂದಿಂಚು ಬಾಯಿಯ ಯೂನಿಟ್: ಜಾತಕ ನೋಡುವ ಅಗತ್ಯವೇ ಇರಲಿಲ್ಲ. ಆದರೆ ಉರುಟು ಪೈಪಿನ ಮೇಲೆ ನೇರ ಗೆರೆ ಎಳೆಯುವುದು ಹೇಳಿದಷ್ಟು ಸುಲಭವಲ್ಲ. ಬಾಗಿಲ ದಾರಂದದ ಮೂಲೆಗೆ ಒತ್ತಿ ಹಿಡಿದು ಪೆನ್ಸಿಲ್ ಎಳೆಯಬೇಕು. ಹ್ಯಾಕ್ಸಾ ಬ್ಲೇಡಿನಲ್ಲಿ ಸೀಳುತ್ತ ಹೋದ ಹಾಗೆ ಪಿವಿಸಿ ಒಳಗಿನ ಬಿಗಿತಕ್ಕೆ ಮುದುಡಿ ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ನಡುವೆ ಬಿದಿರಿನ ಚಕ್ಕೆ ತುರುಕಬೇಕು. ಸಂದಿಗೆ ಎಂಸೀಲ್. ಕೆಳಸ್ವರ ಹೋಗಿ ಡಯಾಫ್ರಮ್ ಹರಿಯದಂತೆ 8 ಓಮಿನ ಯೂನಿಟ್ಟಿಗೆ 4.7 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಒಂದನ್ನು ಕಾವಲು ಕೂರಿಸಿದರೆ, ಸುಮಾರು 4200 ಹರ್ಟ್ಸ್‌ನಿಂದ ಕೆಳಗಿನದ್ದೆಲ್ಲ ಬಾಗಿಲಲ್ಲೇ ತಗ್ಗುತ್ತದೆ.

"ಅದರಲ್ಲಿ ನೀರು ಬರುವುದು ಯಾವಾಗ?" ಎಂದು ಮನೆಯವಳು ಕೇಳಿದಳು. ತೋಟದಲ್ಲಿ ಒಂದು ಸಾಲು ಅಡಿಕೆ ಒಣಗುತ್ತಿತ್ತು ಎಂಬುದು ಅವಳ ವಾದ. ಒಣಗಿದ್ದು ಅರ್ಧ ಸಾಲು ಎಂಬುದು ನನ್ನದು.

ನಿಜವಾದ ತೊಂದರೆ ಪಂಚಾಂಗದ್ದು. ಆಟದ ತಿರುಗಾಟ ಇರುವಷ್ಟು ದಿನ ಮೈಕದ ಅಣ್ಣನ ಬಳಿ ಒಂದು ಯೂನಿಟ್ಟೂ ಬಿಡುವಾಗಿರುವುದಿಲ್ಲ. ಬೇಷ ತಿಂಗಳ ಹತ್ತಕ್ಕೆ, ಎಂದರೆ ಮೇ 24ರ ಸುಮಾರಿಗೆ, ಪತ್ತನಾಜೆ. ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಅಣ್ಣ ವಯರು ಸುತ್ತುತ್ತಾರೆ, ಆಗ ನನಗೆ ಯೂನಿಟ್ ಸಿಗುತ್ತದೆ. ಹಿಂದೆಯೇ ಮಳೆ. ಜುಲೈಯಲ್ಲಿ ಹಂಚಿನ ಮಾಡಿನ ಕೆಳಗೆ ಕುಳಿತರೆ ಜಗತ್ತಿನ ಟ್ವೀಟರುಗಳೆಲ್ಲ ಸಮಾನ: ಒಂದೂ ಕೇಳುವುದಿಲ್ಲ. ಇದರ ನಡುವೆ ಒಂದು ತಮಾಷೆ ಉಂಟು. ಅಷ್ಟೆತ್ತರದ ಸ್ವರಗಳನ್ನು ಒಣ ಗಾಳಿ ತಿನ್ನುವಷ್ಟು ತೇವದ ಗಾಳಿ ತಿನ್ನುವುದಿಲ್ಲ. ಆ ಲೆಕ್ಕದಲ್ಲಿ ಟ್ವೀಟರಿಗೆ ಹೇಳಿ ಮಾಡಿಸಿದ್ದು ನಮ್ಮ ಮಳೆಗಾಲವೇ, ಮಳೆಯೊಂದು ಇಲ್ಲದಿದ್ದರೆ!

ಮಳೆ ಹೊಳವಾದ ಒಂದು ಸಂಜೆ ಮೂಡುಬಿದಿರೆಯ ಭಾವ ಬಂದರು. ಪೈಪನ್ನು ನೆಟ್ಟಗೆ ನಿಲ್ಲಿಸಿ, ಸೀಳನ್ನು ಅವರ ಕಡೆ ತಿರುಗಿಸಿ ಚಕ್ರತಾಳ ಹಾಕಿದೆ. ಕಿರಿದಾದ ಸೀಳಿನಿಂದ ಹೊರಟ ಸದ್ದು ಎಡಬಲಕ್ಕೆ ಚೆನ್ನಾಗಿ ಹರಡುತ್ತದೆ, ಆದರೆ ಉದ್ದದ ಲೆಕ್ಕದಲ್ಲಿ ಪೈಪಿನ ತುದಿಯ ಕಡೆಗೇ ವಾಲುತ್ತದೆ. ಹಾಗಾಗಿ ಅರ್ಧ ಚಕ್ರತಾಳ ಭಾವನಿಗೆ, ಅರ್ಧ ಮಾಡಿನ ಹಲ್ಲಿಗೆ. ಪೈಪನ್ನು ಅವರ ಕಡೆ ಬಾಗಿಸಿದೆ. ಭಾವ ಅಲ್ಲಿಂದ ಇಲ್ಲಿಗೆ ಕುರ್ಚಿ ಎಳೆದರು, ಸ್ವರ ಬದಲಾಗಲಿಲ್ಲ. ನಾನು ಹೊಗಳಿಕೆಗೆ ಕಾದೆ.

"ಒಳ್ಳೇದುಂಟು," ಎಂದರು. "ಗೇಟಿನವರೆಗೆ ಹೋಗ್ತದಾ?"

ಮೈಕದ ಅಣ್ಣನಿಗೆ ಮಾತ್ರ ಅದರ ಉಪಯೋಗ ಹೊಳೆಯಿತು. "ಕೊಡಿ ಮಾರಾಯ್ರೆ, ಚೌಕಿಗೆ ಹಾಕುವ" ಎಂದರು. ಬಣ್ಣ ಹಚ್ಚುವವರಿಗೆ ರಂಗದಲ್ಲಿ ಎಲ್ಲಿಗೆ ಬಂತೆಂದು ತಿಳಿದರೆ ಸಾಕು, ದೂರ ಹೋಗಬೇಕಾಗಿಲ್ಲ. ಬೆಳಗಿನವರೆಗಿನ ಒಂದು ಆಟಕ್ಕೆ ಸಣ್ಣ ಪೆಟ್ಟಿಗೆಯ ಮೇಲೆ ನನ್ನ ಪೈಪು ಏರಿತು. ನಡುರಾತ್ರಿ ಚೌಕಿಗೆ ಇಣುಕಿದರೆ ಪೈಪಿನ ಸೀಳಿನಲ್ಲಿ ಒಂದು ಮುಂಡಾಸಿನ ಬಟ್ಟೆ ತುರುಕಿತ್ತು. ಬಣ್ಣದ ವೇಷದವರು ಪ್ರವೇಶಕ್ಕೆ ಮೊದಲು ಒಂದು ನಿದ್ದೆ ತೆಗೆಯುವವರಂತೆ. ಹಳೆಯ ಸ್ಪೀಕರಿನಲ್ಲಿ ಬರೀ ಗುಂಯ್ ಎಂದು ಕೇಳುತ್ತಿತ್ತು, ಕಣ್ಣು ಮುಚ್ಚುತ್ತಿತ್ತು. "ಇದರಲ್ಲಿ ಭಾಗವತರ ಅಕ್ಷರ ಅಕ್ಷರ ಕೇಳ್ತದೆ. ಮನುಷ್ಯ ಮಲಗುವುದು ಹೇಗೆ?" ಎಂದು ಅರ್ಧ ಬಣ್ಣದ ರಾಕ್ಷಸರು ನನ್ನನ್ನೇ ದುರುಗುಟ್ಟಿ ನೋಡಿದರು.