ಮುಂಚೆ ಕೇಳಿದವರ ಪುಣ್ಯ

ಕೊಪ್ಪದ ಮಳೆಗಾಲ ಗೊತ್ತಲ್ಲ ಮಾರಾಯ್ರೆ, ಕರೆಂಟಿದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟಿಲ್ಲ. ಅಂಥದ್ದರಲ್ಲೂ ಕನ್ನಡ ವಿಕಿಪೀಡಿಯದ ಕುವೆಂಪು ಪುಟ ಒತ್ತಿ ನೋಡಿ, ಸಿಗ್ನಲ್ ಎರಡೇ ಕಡ್ಡಿ ಇದ್ದರೂ ಬೇಗ ಬಂದುಬಿಡುತ್ತೆ. ಅದೇ ಯಾರೂ ಅಷ್ಟಾಗಿ ನೋಡದ ಯಾವುದೋ ಹಳ್ಳಿಯ ಪುಟ ತೆಗೆದರೆ ಒಂಚೂರು ತಡವರಿಸುತ್ತೆ. ಫೋನೂ ಅದೇ, ಟವರೂ ಅದೇ. ವಿಚಿತ್ರ ಅಲ್ವಾ?

ಗುಟ್ಟಿರೋದು ಆಚೆ ಕಡೆಯ ಸರ್ವರಿನಲ್ಲಿ. ಒಂದು ಪುಟ ಕೇಳಿದರೆ ಅದು ಡೇಟಾಬೇಸ್ ಕೆದಕಬೇಕು, ಟೆಂಪ್ಲೇಟು ಜೋಡಿಸಬೇಕು, ಆಮೇಲೆ ಕಳಿಸಬೇಕು. ಕುವೆಂಪು ಪುಟವನ್ನು ನಿಮಗಿಂತ ಮುಂಚೆ ಯಾರೋ ಕೇಳಿರ್ತಾರೆ, ಆಗ ಕಟ್ಟಿದ ಪುಟದ ಪ್ರತಿ ಕ್ಯಾಶ್‌ನಲ್ಲಿ ಉಳಿದಿರುತ್ತೆ. ನಮ್ಮ ಬಚ್ಚಲ ಹಂಡೆ ಇದ್ದ ಹಾಗೆ: ನೀರು ಕಾದೇ ಇರುತ್ತೆ, ನೆಂಟರು ಬಂದ ಮೇಲೆ ಒಲೆ ಹೊತ್ತಿಸೋ ಪ್ರಶ್ನೆಯೇ ಇಲ್ಲ. ವಿಕಿಪೀಡಿಯದ ಮೂಲ ಸರ್ವರುಗಳು ದೂರದ ವರ್ಜೀನಿಯಾ, ಟೆಕ್ಸಸ್‌ನಲ್ಲಿ. ಏಷ್ಯಾದ ಓದುಗರಿಗಾಗಿ 2018ರಲ್ಲಿ ಸಿಂಗಪುರದಲ್ಲಿ ಒಂದು ಕೇಂದ್ರ ಶುರುವಾಯ್ತು, ಬರೀ ಕ್ಯಾಶಿಗೆ ಅಂತಲೇ.

ಅಂದ ಹಾಗೆ, ಕುವೆಂಪು ಅಂದ ಕೂಡಲೇ ಎಲ್ಲರೂ ಕುಪ್ಪಳಿ ಅಂತಾರೆ. ಹುಟ್ಟಿದ್ದು ಮಾತ್ರ ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆ, ತಾಯಿಯ ತವರುಮನೆ. 1904ರ ಡಿಸೆಂಬರ್ 29. 2017ರಲ್ಲಿ ಅದೇ ದಿನ ಗೂಗಲ್ ಅವರ ಡೂಡಲ್ ಹಾಕಿತ್ತಲ್ಲ, ನೋಡಿ ಎಷ್ಟು ಖುಷಿಯಾಗಿತ್ತು! ಅಂಥ ದಿನ ಊರೆಲ್ಲ ಒಂದೇ ಪುಟಕ್ಕೆ ಮುಗಿಬಿದ್ದರೆ ಕ್ಯಾಶ್ ಇಲ್ಲದ ಸರ್ವರಿನ ಗತಿ ಏನು ಹೇಳಿ?

ಕ್ಯಾಶ್ ಇದ್ದೂ ವಿಕಿಪೀಡಿಯಕ್ಕೆ ಒಮ್ಮೆ ಪೇಚಾಟ ಆಗಿದೆ. 2009ರ ಜೂನ್‌ನಲ್ಲಿ ಮೈಕೆಲ್ ಜಾಕ್ಸನ್ ತೀರಿಕೊಂಡಾಗ ಓದೋರೂ ಜಾಸ್ತಿ, ತಿದ್ದೋರೂ ಜಾಸ್ತಿ. ಒಬ್ಬರು ತಿದ್ದಿದರೆ ಹಳೇ ಪ್ರತಿ ರದ್ದು, ತಕ್ಷಣ ಹತ್ತಾರು ಸರ್ವರುಗಳು ಅದೇ ಪುಟವನ್ನು ಒಟ್ಟೊಟ್ಟಿಗೆ ಕಟ್ಟೋಕೆ ಕೂತವು. ತಾಣ ಏದುಸಿರು ಬಿಟ್ಟಿತು. ಅದಾದ ಮೇಲೆ ಪೂಲ್‌ಕೌಂಟರ್ ಅನ್ನೋದನ್ನು ತಂದರು: ಒಬ್ಬ ಕಟ್ಟಲಿ, ಉಳಿದವರು ಕಾಯಲಿ, ಇಲ್ಲಾ ಹಳೇ ಪ್ರತಿಯನ್ನೇ ಕೊಡಲಿ ಅಂತ. ಚೆಂದದ ಏರ್ಪಾಡು.

ಪ್ರತಿ ರದ್ದಾಗೋದೂ ಮುಖ್ಯವೇ ಅನ್ನಿ. ಉದಾಹರಣೆಗೆ, ಎಡೇಹಳ್ಳಿ ಅನ್ನೋ ಊರು ನರಸಿಂಹರಾಜಪುರ ಆಗಿದ್ದು 1915ರಲ್ಲಿ, ಮೈಸೂರಿನ ಯುವರಾಜರು ಬಂದು ಹೋದ ನೆನಪಿಗೆ. ಆ ಊರಿನ ಪುಟದಲ್ಲಿ ಯಾರಾದರೂ ಇಸವಿ ತಪ್ಪು ಬರೆದು ನೀವು ಸರಿಮಾಡಿದಿರಿ ಅನ್ನಿ, ಆಮೇಲೂ ಕ್ಯಾಶ್ ಹಳೇದನ್ನೇ ಬಡಿಸ್ತಾ ಕೂತರೆ ತಿದ್ದಿ ಏನು ಬಂತು? ಇನ್ನೊಂದು ಸೋಜಿಗ ಇದೆ, ಕೇಳಿ. ಲಾಗಿನ್ ಆಗಿ ತಿದ್ದೋರಿಗೆ ಸಿಂಗಪುರದ ಆ ಸಿದ್ಧ ಪುಟ ಸಿಗೋದಿಲ್ಲ. ಅವರ ಪುಟದ ನೆತ್ತಿಯಲ್ಲಿ ಅವರವರ ಹೆಸರು ಇರುತ್ತಲ್ಲ, ಅದನ್ನು ಬೇರೆಯವರಿಗೆ ಕೊಡೋ ಹಾಗಿಲ್ಲ. ಬರೆದುಕೊಟ್ಟವರು ಕಾಯಬೇಕು, ಓದೋರಿಗೆ ಮೊದಲು!

ವಿಕಿಪೀಡಿಯ ಬಿಡಿ, ನಮ್ಮ ಅಡಿಕೆ ಧಾರಣೆ, ಶೃಂಗೇರಿ ಬಸ್ಸಿನ ಹೊತ್ತು, ಪರೀಕ್ಷೆ ಫಲಿತಾಂಶ... ಇವೇನು ಕ್ಷಣಕ್ಕೊಮ್ಮೆ ಬದಲಾಗ್ತವಾ? ಎಲ್ಲರೂ ಕೇಳೋದು ಅದನ್ನೇ. ನಿಮ್ಮ ಸೊಸೈಟಿಗೋ ಸಂಘಕ್ಕೋ ಯಾರಾದರೂ ಹುಡುಗರು ವೆಬ್‌ಸೈಟ್ ಮಾಡಿಕೊಡ್ತೀನಿ ಅಂದರೆ, ಬಣ್ಣ-ಚಿತ್ರದ ಮಾತು ಆಮೇಲೆ, ಮೊದಲು ಕ್ಯಾಶ್ ಹಾಕು ಮಾರಾಯ ಅಂತ ಹೇಳಿ.